ಒಂದು ಕೋಣೆ, ಎರಡು ಬುಕಿಂಗ್

ಡಿಸೆಂಬರ್ ಕೊನೆಯ ಶನಿವಾರ ಚಿಕ್ಕಮಗಳೂರಿನ ಹೋಮ್‌ಸ್ಟೇ ಒಂದರ ಅಂಗಳಕ್ಕೆ ಎರಡು ಕಾರುಗಳು ಬಂದು, ಎರಡರಿಂದ ಇಳಿದವರೂ ಒಂದೇ ಕೋಣೆಯ ಬುಕಿಂಗ್ ಸಂದೇಶ ತೋರಿಸುತ್ತಾರೆ ಎಂದುಕೊಳ್ಳೋಣ. ಜಾಲತಾಣವನ್ನು ಪರೀಕ್ಷಿಸಿದವರು ತಮಗೆ ತಪ್ಪೇನೂ ಕಾಣಲಿಲ್ಲ ಎನ್ನುತ್ತಾರೆ; ಅದು ಸುಳ್ಳೂ ಅಲ್ಲ.

ಬ್ರೌಸರ್ ಕಳಿಸಿದ ಮನವಿಯನ್ನು ಸರ್ವರ್ ಪಡೆದು, ಕೋಣೆ ಖಾಲಿಯಿದೆಯೇ ಎಂದು ಡೇಟಾಬೇಸನ್ನು ಕೇಳುತ್ತದೆ. ಇದ್ದರೆ ಬುಕಿಂಗ್ ಬರೆಯುತ್ತದೆ. ಕೇಳುವುದಕ್ಕೂ ಬರೆಯುವುದಕ್ಕೂ ನಡುವೆ ಕೆಲವು ಮಿಲಿಸೆಕೆಂಡುಗಳ ಬಿಡುವಿದ್ದು, ಆ ಸಂದಿಯಲ್ಲಿ ನುಸುಳಿದ ಎರಡನೆಯ ಮನವಿಗೂ ‘ಖಾಲಿ’ ಎಂಬ ಉತ್ತರವೇ ಸಿಗುತ್ತದೆ. ಒಬ್ಬರೇ ಕುಳಿತು ಒಂದೊಂದಾಗಿ ಗುಂಡಿ ಒತ್ತುತ್ತಾ ಹೋದರೆ ಈ ದೋಷ ಎಂದೂ ಸಿಕ್ಕದು.

ಪ್ರೋಗ್ರಾಮರ್ ಇದನ್ನು ಊಹಿಸಿ ಸರ್ವರಿನ ಮೆಮೊರಿಯಲ್ಲಿ ಒಂದು ಬೀಗ ಹಾಕಿರಬಹುದು; ಅಂದರೆ ಒಂದು ಮನವಿ ಮುಗಿಯುವವರೆಗೆ ಇನ್ನೊಂದನ್ನು ಕಾಯಿಸುವ ಏರ್ಪಾಡು. ಪರೀಕ್ಷೆಗೆ ಇಟ್ಟಿರುವುದು ಒಂದೇ ಸರ್ವರ್ ಆದ್ದರಿಂದ ಅಲ್ಲಿ ಬೀಗ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ ರಜೆಯ ದಟ್ಟಣೆಗೆಂದು ನಿಜವಾದ ತಾಣದಲ್ಲಿ ಎರಡು ಸರ್ವರ್‌ಗಳನ್ನು ನಿಲ್ಲಿಸಿ ಮನವಿಗಳನ್ನು ಹಂಚಿದಾಗ, ಒಂದರ ಮೆಮೊರಿಯಲ್ಲಿರುವ ಬೀಗ ಇನ್ನೊಂದಕ್ಕೆ ಕಾಣುವುದೇ ಇಲ್ಲ. ಒಂದಕ್ಷರ ಬದಲಾಗದ ಪ್ರೋಗ್ರಾಮ್, ರಚನೆ ಬದಲಾದ ಕಾರಣಕ್ಕೇ ತಪ್ಪಾಗುತ್ತದೆ. ಹೀಗಾಗಿ ಎಷ್ಟು ಸರ್ವರ್‌ಗಳಿವೆ, ಅವು ಹೇಗೆ ಜೋಡಣೆಗೊಂಡಿವೆ ಎಂಬ ತಾಣದ ನಕ್ಷೆ ನೋಡದೆ ಪರೀಕ್ಷಾ ಪಟ್ಟಿ ಬರೆಯುವುದನ್ನು ನಾನು ಒಪ್ಪಲಾರೆ.

ನಮ್ಮ ತೋಟಗಳಲ್ಲಿ ಈ ವಿವೇಕ ಹಳೆಯದು. ಬಟ್ಟಲಿನ ಕಾಫಿ ಕೆಟ್ಟಿದೆಯೆಂದು ನಾಲಿಗೆ ಹೇಳುತ್ತದೆಯೇ ಹೊರತು, ಕೆಟ್ಟದ್ದು ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನಲ್ಲೋ, ಹುದುಗಿನ ತೊಟ್ಟಿಯಲ್ಲೋ, ಒಣಗಿಸುವ ಕಣದಲ್ಲೋ ಎಂದು ಹೇಳದು. ಪಾರ್ಚ್‌ಮೆಂಟಿನ, ಅಂದರೆ ಒಳಪೊರೆ ಇನ್ನೂ ಉಳಿದಿರುವ ಕಾಫಿ ಬೀಜದ, ತೇವಾಂಶ ಶೇ. 10ಕ್ಕೆ ಇಳಿದಿದೆಯೇ ಎಂಬುದನ್ನು ಕಣದಲ್ಲೇ ಅಳೆಯಬೇಕು.

ಇಲ್ಲಿಯೂ ಅಳತೆ ತಳಕ್ಕೆ ಇಳಿಯಬೇಕು. ಎಲ್ಲ ಸರ್ವರ್‌ಗಳೂ ಕೊನೆಗೆ ಬಂದು ಸೇರುವುದು ಒಂದೇ ಡೇಟಾಬೇಸಿಗೆ. ಒಂದು ಕೋಣೆಗೆ ಒಂದು ರಾತ್ರಿ ಒಂದೇ ದಾಖಲೆ ಎಂಬ ನಿರ್ಬಂಧವನ್ನು ಅಲ್ಲಿಯೇ ಇರಿಸಿ, ಬ್ರೌಸರಿನ ಪುಟವನ್ನು ಬದಿಗಿಟ್ಟು, ಎರಡೂ ಸರ್ವರ್‌ಗಳಿಗೆ ಅದೇ ಕೋಣೆ, ಅದೇ ರಾತ್ರಿಗೆ ಏಕಕಾಲಕ್ಕೆ ನೇರವಾಗಿ ಮನವಿ ಕಳಿಸಬೇಕು. ಅದೂ ನೂರಾರು ಸಲ, ಏಕೆಂದರೆ ಒಮ್ಮೆ ಸರಿಹೋದದ್ದು ಬರಿಯ ಅದೃಷ್ಟವಿರಬಹುದು. ಪ್ರತಿ ಸಲವೂ ಒಂದಕ್ಕೆ ಯಶಸ್ಸಿನ 201, ಇನ್ನೊಂದಕ್ಕೆ ಘರ್ಷಣೆಯ 409 ಸಂಕೇತ ಮರಳಬೇಕು. ಆಮೇಲೆ ಬ್ರೌಸರಿಗೆ ಹಿಂದಿರುಗಿ, 409 ಬಂದವರಿಗೆ ಕೋಣೆ ಹೋಯಿತೆಂಬ ಮಾತು ಸ್ಪಷ್ಟವಾಗಿ ಕಾಣುವುದೇ, ಅವರ ಖಾತೆಯಿಂದ ಹಣ ಕಡಿತವಾಗದೆ ಉಳಿದಿದೆಯೇ ಎಂದು ನೋಡುವುದು ಬಾಕಿ.