ಡಿಸ್ಟೆನ್ಸ್‌ನಲ್ಲಿ ಬಿಎ ಕಟ್ಟಿದರೆ ಸರ್ಕಾರಿ ಕೆಲಸಕ್ಕೆ ನಡೆಯುತ್ತಾ?

ಪ್ರಶ್ನೆ: ಮೇಡಂ, ಪಿಯುಸಿ ಆರ್ಟ್ಸ್ ಮುಗಿಸಿ ಕೆಲಸಕ್ಕೆ ಸೇರಿದ್ದೇನೆ. ಈಗ ದೂರ ಶಿಕ್ಷಣದಲ್ಲಿ ಬಿಎ ಕಟ್ಟೋಣ ಅಂತಿದ್ದೇನೆ. ನಮ್ಮ ಭಾವ ಮಾತ್ರ ‘ಆ ಡಿಗ್ರಿಗೆ ಬೆಲೆ ಇಲ್ಲ, ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಯಾವುದಕ್ಕೂ ನಡೆಯಲ್ಲ’ ಅಂತಾರೆ. ನಿಜಾನಾ?

ಉತ್ತರ: ಸುಳ್ಳು. ಮಾನ್ಯತೆ ಇರುವ ಕಡೆ ಮಾಡಿದ ಬಿಎ ಎಫ್‌ಡಿಎಗೂ ನಡೆಯುತ್ತದೆ, ಪಿಡಿಒಗೂ ನಡೆಯುತ್ತದೆ, ಕೆಎಎಸ್‌ಗೂ ಐಎಎಸ್‌ಗೂ ನಡೆಯುತ್ತದೆ. ಇದನ್ನು ಎಷ್ಟು ಸಲ ಬರೆದೆನೋ ಲೆಕ್ಕ ಇಟ್ಟಿಲ್ಲ. ಅಡ್ಮಿಷನ್ ಶುರುವಾದರೆ ಸಾಕು, ಇದೇ ಪ್ರಶ್ನೆ ಬರುತ್ತದೆ. ಒಬ್ಬರಿಗೆ ಭಾವ ಹೇಳಿರುತ್ತಾರೆ, ಇನ್ನೊಬ್ಬರಿಗೆ ಸೋದರಮಾವ, ಅಷ್ಟೇ ವ್ಯತ್ಯಾಸ.

ಕೈಗೆ ಸಿಗುವ ಆಧಾರ ಬೇಕು ಅಂದರೆ ಇಲ್ಲಿದೆ. ಮುಕ್ತ ಮತ್ತು ದೂರ ಶಿಕ್ಷಣಕ್ಕೆ ಯುಜಿಸಿ (ವಿಶ್ವವಿದ್ಯಾಲಯಗಳ ಮೇಲೆ ಕಣ್ಣಿಡುವ ಕೇಂದ್ರದ ಆಯೋಗ) 2020ರ ಸೆಪ್ಟೆಂಬರ್‌ನಲ್ಲಿ ನಿಯಮಾವಳಿ ತಂದಿತು. ಮಾನ್ಯತೆ ಪಡೆದ ಸಂಸ್ಥೆಯಿಂದ ದೂರ ಶಿಕ್ಷಣದಲ್ಲೋ ಆನ್‌ಲೈನ್‌ನಲ್ಲೋ ಪಡೆದ ಪದವಿ, ಸ್ನಾತಕೋತ್ತರ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗಳಿಗೆ ಸಮ ಅಂತ ಅದರ 22ನೇ ನಿಯಮದಲ್ಲಿದೆ. ಅಷ್ಟಾದರೂ ಜನ ಕೇಳೋದು ಬಿಡಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಯುಜಿಸಿ ಅದನ್ನೇ ಮತ್ತೊಂದು ಪ್ರಕಟಣೆಯಲ್ಲಿ ಹೇಳಬೇಕಾಯಿತು. ಅವರಿಗೇ ಸಾಕಾಗಿ ಹೋಗಿರಬೇಕು, ಇನ್ನು ನನ್ನದೇನು!

ಆದರೂ ಭಾವನವರನ್ನು ಪೂರ್ತಿ ದೂರುವುದಕ್ಕೆ ಆಗಲ್ಲ. ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಕರ್ನಾಟಕದಲ್ಲಿ ಇದಕ್ಕೆ ಒಂದು ಕಥೆ ಇದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಂಚೆ ತೆರಪಿನ ಶಿಕ್ಷಣ, ಅಂದರೆ ಪೋಸ್ಟ್‌ನಲ್ಲಿ ಪಾಠ ಕಳಿಸೋದು, 1969ರಲ್ಲೇ ಶುರುವಾಗಿತ್ತು. 1996ರಲ್ಲಿ ಅದೇ ಬೆಳೆದು ಮೈಸೂರಿನ ಮುಕ್ತಗಂಗೋತ್ರಿ ಆವರಣದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ಹಗಲು ಡ್ಯೂಟಿ ಮಾಡಿ ರಾತ್ರಿ ಓದಿ ಡಿಗ್ರಿ ಪಡೆದವರು, ಮದುವೆಯಾಗಿ ಮಕ್ಕಳಾದ ಮೇಲೆ ಎಂಎ ಕಟ್ಟಿದವರು ನಮ್ಮಲ್ಲಿ ಊರೂರಿಗೂ ಇದ್ದಾರೆ. ಆಗ ಯಾರೂ ಬೆಲೆ ಇಲ್ಲ ಅನ್ನುತ್ತಿರಲಿಲ್ಲ. ಆಮೇಲೆ ಕೆಟ್ಟ ಕಾಲ ಬಂತು. ರಾಜ್ಯದ ಗಡಿ ದಾಟಿ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸ್ ನಡೆಸಿದ್ದು, ತಾಂತ್ರಿಕ ಕೋರ್ಸ್‌ಗಳನ್ನು ಕೊಟ್ಟಿದ್ದು ದೊಡ್ಡ ತಕರಾರಾಯಿತು. 2013-14ರಿಂದ ಮುಕ್ತ ವಿ.ವಿ.ಗೆ ಯುಜಿಸಿ ಮಾನ್ಯತೆ ಇಲ್ಲವಾಯಿತು. ಮತ್ತೆ ಸಿಕ್ಕಿದ್ದು 2018ರ ಆಗಸ್ಟ್‌ನಲ್ಲಿ. ಆ ನಡುವಿನ ವರ್ಷಗಳಲ್ಲಿ ಸಾವಿರಾರು ಮಕ್ಕಳು ನಿಜವಾಗಿಯೂ ಒದ್ದಾಡಿದರು. ಆ ಸುದ್ದಿ ಮನೆಮನೆಗೆ ಮುಟ್ಟಿತು. ಮಾನ್ಯತೆ ವಾಪಸ್ ಬಂದ ಸುದ್ದಿ ಮಾತ್ರ ಅರ್ಧ ದಾರಿಯಲ್ಲೇ ನಿಂತಿತು. ನಿಮ್ಮ ಭಾವ ಈಗಲೂ 2015ರ ಪೇಪರ್ ಓದುತ್ತಿದ್ದಾರೆ.

ಈ ಮಾತಿಗೆ ಎರಡನೇ ಮೂಲ ಎಂಜಿನಿಯರಿಂಗ್. 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರ ಶಿಕ್ಷಣದಲ್ಲಿ ಕೊಟ್ಟ ಎಂಜಿನಿಯರಿಂಗ್ ಪದವಿಗಳ ವಿರುದ್ಧ ತೀರ್ಪು ಕೊಟ್ಟಿತು. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಕಾನೂನು, ಇವನ್ನೆಲ್ಲ ದೂರ ಶಿಕ್ಷಣದಲ್ಲಿ ಕೊಡುವ ಹಾಗೇ ಇಲ್ಲ. ಸರಿಯಾಗಿಯೇ ಇದೆ, ಇಂಜೆಕ್ಷನ್ ಕೊಡೋದನ್ನು ಪೋಸ್ಟ್‌ನಲ್ಲಿ ಕಲಿಯೋಕಾಗುತ್ತಾ? ಆದರೆ ಅದಕ್ಕೂ ನಿಮ್ಮ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಕ್ಕೂ ಏನು ಸಂಬಂಧ? ಹೆಡ್‌ಲೈನ್ ಮಾತ್ರ ಓದಿದವರು ಎರಡನ್ನೂ ಒಂದೇ ಗಂಟಿಗೆ ಕಟ್ಟಿಬಿಟ್ಟರು.

ಮೂರನೆಯವರು ಏಜೆಂಟರು. ‘ಆರೇ ತಿಂಗಳಲ್ಲಿ ಡಿಗ್ರಿ, ಪರೀಕ್ಷೆಗೆ ಬರಬೇಕಾಗಿಲ್ಲ’ ಅಂತ ಫೋನ್ ಮಾಡುತ್ತಾರಲ್ಲ, ಅವರೇ. ಬಿಎ ಅಂದರೆ ಸಾಮಾನ್ಯವಾಗಿ ಮೂರು ವರ್ಷದ ಕೋರ್ಸ್. ಯಾರಾದರೂ ಹೀಗೆ ತಿಂಗಳುಗಳಲ್ಲಿ ಕೊಡುತ್ತೇವೆ ಅಂದರೆ ಫೋನ್ ಇಟ್ಟುಬಿಡಿ. ಡಿಗ್ರಿ ಇಲ್ಲದೆ ನೇರವಾಗಿ ಎಂಎ ಮಾಡಿಸುತ್ತೇವೆ ಅನ್ನುವವರೂ ಇದ್ದರು. ಅಂಥ ಎಂಎ ಲೆಕ್ಕಕ್ಕಿಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲೇ ಅಣ್ಣಾಮಲೈ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿದೆ. ಹೀಗೆ ಮೋಸ ಹೋದವರೊಬ್ಬರು ನೇಮಕಾತಿಯ ದಾಖಲೆ ಪರಿಶೀಲನೆಯಲ್ಲಿ ಹೊರಗೆ ಬಿದ್ದರೆ ಇಡೀ ಊರಿಗೆ ‘ಡಿಸ್ಟೆನ್ಸ್ ಡಿಗ್ರಿ ನಡೆಯಲ್ಲ’ ಅಂತಲೇ ಸುದ್ದಿಯಾಗುತ್ತದೆ. ನಡೆಯದೇ ಹೋಗಿದ್ದು ಆ ನಕಲಿ ಡಿಗ್ರಿ ಕಣ್ರೀ, ದೂರ ಶಿಕ್ಷಣ ಅಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಬೇರೆ. ನಾನು ಸೇರುವ ವಿಶ್ವವಿದ್ಯಾಲಯಕ್ಕೆ, ಆ ಕೋರ್ಸಿಗೆ, ಈ ವರ್ಷ ಅನುಮತಿ ಇದೆಯಾ ಅಂತ ಕೇಳಿ. ಮೂರೂ ಹೊಂದಬೇಕು. ಹೆಸರು ಪಟ್ಟಿಯಲ್ಲಿದ್ದು ನಿಮ್ಮ ಕೋರ್ಸ್ ಇಲ್ಲದಿದ್ದರೆ ಪ್ರಯೋಜನವಿಲ್ಲ, ಹೋದ ವರ್ಷ ಇದ್ದು ಈ ವರ್ಷ ಇಲ್ಲದಿದ್ದರೂ ಅಷ್ಟೇ. ಯುಜಿಸಿಯ ದೂರ ಶಿಕ್ಷಣ ಬ್ಯೂರೋದ ವೆಬ್‌ಸೈಟ್‌ನಲ್ಲಿ ಪಟ್ಟಿ ಇರುತ್ತದೆ. 2024-25ರಿಂದ ಸೇರುವವರಿಗೆ ಡೆಬ್ ಐಡಿ ಅಂತ ಆ ಬ್ಯೂರೋದ ನೋಂದಣಿ ಸಂಖ್ಯೆಯೊಂದು ಕಡ್ಡಾಯವಾಗಿದೆ. ಅದಕ್ಕೆ ಮೊದಲು ಎಬಿಸಿ ಐಡಿ (ನೀವು ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಆನ್‌ಲೈನ್ ಖಾತೆಯ ಸಂಖ್ಯೆ) ಮಾಡಿಸಿಕೊಳ್ಳಬೇಕು. ಎರಡನ್ನೂ ನಿಮ್ಮ ಮೊಬೈಲ್ ನಂಬರ್‌ನಲ್ಲೇ ಮಾಡಿ. ಸೈಬರ್ ಸೆಂಟರ್‌ನವರ ನಂಬರ್ ಕೊಟ್ಟು ಆಮೇಲೆ ಒಟಿಪಿಗಾಗಿ ಅವರ ಬಾಗಿಲು ಕಾಯುವ ಮಕ್ಕಳನ್ನು ನೋಡಿ ನೋಡಿ ಸಾಕಾಗಿದೆ.

ಎಲ್ಲಿ ಸೇರಬೇಕು ಅನ್ನೋದು ಕಷ್ಟದ ವಿಷಯ ಅಲ್ಲ. ಕನ್ನಡದಲ್ಲೇ ಓದಿ ಕನ್ನಡದಲ್ಲೇ ಬರೆಯಬೇಕು ಅಂದರೆ ಮೈಸೂರಿನ ಮುಕ್ತ ವಿ.ವಿ. ಇಂಗ್ಲಿಷ್ ಪರವಾಗಿಲ್ಲ, ನಿಧಾನವಾಗಿ ಓದುತ್ತೇನೆ ಅಂದರೆ ಇಗ್ನೋ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಇದೆ. ಅಲ್ಲಿ ಬಿಎ ಮುಗಿಸಲು ಆರು ವರ್ಷದವರೆಗೆ ಸಮಯ ಕೊಡುತ್ತಾರೆ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮುಂದೆ ಮೇಷ್ಟ್ರಾಗಬೇಕು ಅಂತಿದ್ದರೆ ಐಚ್ಛಿಕ ವಿಷಯಗಳನ್ನು ಯೋಚಿಸಿ ಆರಿಸಿಕೊಳ್ಳಿ. ಗೆಳೆಯ ತಗೊಂಡ ಅಂತ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ತಗೊಂಡು, ಬಿಎಡ್‌ಗೆ ಹೋಗುವಾಗ ‘ಕನ್ನಡ ಮೇಷ್ಟ್ರಾಗಬೇಕಿತ್ತು’ ಅಂತ ಅಳುವವರಿದ್ದಾರೆ. ಬಿಎಡ್ ಕೂಡ ದೂರ ಶಿಕ್ಷಣದಲ್ಲಿ ಎಲ್ಲರಿಗೂ ಸಿಗಲ್ಲ. ಈಗಾಗಲೇ ಶಿಕ್ಷಕರ ತರಬೇತಿ ಪಡೆದವರಿಗೆ ಮಾತ್ರ ಅದು. ಉಳಿದವರು ರೆಗ್ಯುಲರ್ ಬಿಎಡ್‌ಗೇ ಹೋಗಬೇಕು.

ಖಾಸಗಿ ಕಂಪನಿಗಳ ಬಗ್ಗೆ ಕೇಳಿದರೆ, ಕೆಲವರು ಮೂಗು ಮುರಿಯುತ್ತಾರೆ. ಅದು ಅವರಿಷ್ಟ. ಅಲ್ಲಿ ಕಾನೂನು ತೋರಿಸಿ ಪ್ರಯೋಜನವಿಲ್ಲ, ಕೆಲಸ ಗೊತ್ತಿರಬೇಕು.

ಇನ್ನು ಯಾರೂ ನನ್ನನ್ನು ಕೇಳದ, ಆದರೆ ಕೇಳಲೇಬೇಕಾದ ಒಂದು ವಿಷಯ ಇದೆ. ಈ ವಿಷಯಗಳನ್ನು ಒಬ್ಬರೇ ಕೂತು ಓದೋದು ಹೇಗೆ? ಭಾನುವಾರದ ಸಂಪರ್ಕ ತರಗತಿಗಳಲ್ಲಿ ಪಾಠ ಮಾಡುತ್ತಾ ನಾನು ಕಂಡದ್ದು, ಹೆಚ್ಚಿನವರು ಎಡವುವುದು ಇಲ್ಲಿ. ವಿಶ್ವವಿದ್ಯಾಲಯದ ಪುಸ್ತಕಗಳು ಮನೆಗೆ ಬಂದಿರುತ್ತವೆ, ಕಟ್ಟು ಬಿಚ್ಚಿರಲ್ಲ. ಪರೀಕ್ಷೆಗೆ ಹದಿನೈದು ದಿನ ಇರುವಾಗ ಪೇಟೆಗೆ ಹೋಗಿ ‘ಪಾಸಿಂಗ್ ಪ್ಯಾಕೇಜ್’ ತರುತ್ತಾರೆ. ಪಾಸಾಗಬಹುದು. ಆದರೆ ಅದೇ ಇತಿಹಾಸ, ಅದೇ ರಾಜ್ಯಶಾಸ್ತ್ರ ನಾಳೆ ಕೆಎಎಸ್ ಪರೀಕ್ಷೆಯಲ್ಲಿ ಎದುರಿಗೆ ಬರುತ್ತದೆ, ಆಗ ಗೈಡ್‌ನ ಐದು ಅಂಶಗಳು ಸಾಲಲ್ಲ.

ಹಳಗನ್ನಡ ಇದ್ದರಂತೂ ಕಣ್ಣಿನಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ. ಕಾಗದದ ಮೇಲೆ ಒಂದೇ ಸಾಲಾಗಿ ಅಂಟಿಕೊಂಡಿರುವ ಪದಗಳು ಕಂದ ಪದ್ಯದ ಲಯಕ್ಕೆ ಸರಿಯಾಗಿ ಓದಿದಾಗ ತಾವೇ ಬಿಡಿಸಿಕೊಳ್ಳುತ್ತವೆ. ಮೂರು ಸಲ ಓದಿ, ಸಂಧಿ ಬಿಡಿಸಿ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ, ಆಮೇಲೆ ಭಾವಾರ್ಥ ನೋಡಿ. ಮೊದಲೇ ಭಾವಾರ್ಥ ನೋಡಿದವರಿಗೆ ಪದ್ಯ ಕೊನೆಗೂ ಬರಲ್ಲ. ಗಾರೆ ಕೆಲಸ ಮಾಡುತ್ತಿದ್ದ ನಮ್ಮ ಹುಡುಗನೊಬ್ಬ ಹೀಗೆ ಜೋರಾಗಿ ಓದಿ ಓದಿ, ರೆಗ್ಯುಲರ್ ಮಕ್ಕಳಿಗೂ ಬಾರದ ಪದ್ಯಗಳನ್ನು ತರಗತಿಯಲ್ಲಿ ಬಿಡಿಸಿ ಹೇಳುತ್ತಿದ್ದ. ನನಗೆ ಎಷ್ಟು ಜಂಬ ಅಂತೀರಿ!

ಇತಿಹಾಸಕ್ಕೆ ಬೇರೆ ದಾರಿ. ಒಂದು ಘಟಕ ಓದಿ ಪುಸ್ತಕ ಮುಚ್ಚಿ, ಒಂದು ಪುಟ ಬರೆಯಿರಿ. ಇಸವಿ ಮರೆತರೆ ಖಾಲಿ ಜಾಗ ಬಿಟ್ಟು ಮುಂದೆ ಹೋಗಿ, ಆದರೆ ‘ಯಾಕೆ ಆಯಿತು’ ಅನ್ನೋದನ್ನು ಬಿಡಬೇಡಿ. ಇಂಗ್ಲಿಷ್ ಓದಲು ಬಂದರೆ ಇಗ್ನೋದ ಪಠ್ಯಗಳು ಅದರ ಇ-ಜ್ಞಾನಕೋಶ ಅನ್ನುವ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ, ನೀವು ಅಲ್ಲಿಯ ವಿದ್ಯಾರ್ಥಿ ಆಗಿರಬೇಕಾಗಿಲ್ಲ. ಅಸೈನ್‌ಮೆಂಟ್ ಬರೆಯುವಾಗಲೂ ಅಷ್ಟೇ, ಗೆಳತಿಯ ನೋಟ್ಸ್ ಇಳಿಸಬೇಡಿ. ಇಪ್ಪತ್ತು ಜನರ ಅಸೈನ್‌ಮೆಂಟ್‌ನಲ್ಲಿ ಅದೇ ಕಾಗುಣಿತ ತಪ್ಪು ಅದೇ ಸಾಲಿನಲ್ಲಿ ಇದ್ದರೆ ತಿದ್ದುವವರಿಗೆ ಗೊತ್ತಾಗಲ್ಲ ಅಂದುಕೊಂಡಿದ್ದೀರಾ?