ಪದ ಪರಿಚಯ: ಸ್ಫೋಟಕ ಬಲ

ಬಾಕ್ಸಿಂಗ್ ತರಬೇತುದಾರರು ‘ಎಕ್ಸ್‌ಪ್ಲೋಸಿವ್ ಸ್ಟ್ರೆಂತ್’ ಎನ್ನುವುದನ್ನು ಕನ್ನಡದಲ್ಲಿ ಸ್ಫೋಟಕ ಬಲ ಎಂದು ಕರೆಯಬಹುದು. ಅತ್ಯಂತ ಕಡಿಮೆ ಅವಧಿಯಲ್ಲಿ ಸ್ನಾಯುಗಳು ಎಷ್ಟು ಬಲವನ್ನು ಹೊಮ್ಮಿಸಬಲ್ಲವು ಎಂಬುದು ಇದರ ಅರ್ಥ. ಭಾರ ಎತ್ತುವ ವ್ಯಾಯಾಮದಿಂದ ಬಾಕ್ಸರ್‌ಗೆ ಏನು ಪ್ರಯೋಜನ ಎಂಬ ಹಳೆಯ ಪ್ರಶ್ನೆಗೆ ಉತ್ತರ ಸಿಗುವುದು ಈ ಪದವನ್ನು ಸರಿಯಾಗಿ ತಿಳಿದಾಗಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಡುಮಾತಿನಲ್ಲಿ ನಾವು ಬಲ, ಶಕ್ತಿ, ಸಾಮರ್ಥ್ಯ, ಕಸುವು ಎಲ್ಲವನ್ನೂ ಒಂದೇ ಅರ್ಥದಲ್ಲಿ ಬಳಸುತ್ತೇವೆ. ಒಂಬತ್ತನೇ ತರಗತಿಯ ವಿಜ್ಞಾನ ಪಾಠವಾದರೋ ಇವುಗಳನ್ನು ಬೇರ್ಪಡಿಸಿ, ಕೆಲಸ ನಡೆಯುವ ದರಕ್ಕೆ ಸಾಮರ್ಥ್ಯ ಎಂಬ ಹೆಸರು ಕೊಡುತ್ತದೆ. ಇದಕ್ಕೆ ಉದಾಹರಣೆಯನ್ನು ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲೇ ಕಾಣಬಹುದು. ಅಲ್ಲಿ 15 ಕೆ.ಜಿ. ಟೊಮೆಟೊ ತುಂಬಿದ ಕ್ರೇಟನ್ನು ಒಬ್ಬ ಹಮಾಲಿ ನೆಲದಿಂದ ಒಂದು ಮೀಟರ್ ಎತ್ತರಕ್ಕೆ ಎತ್ತಿದರೆ ಸುಮಾರು 150 ಜೂಲ್‌ನಷ್ಟು ಕೆಲಸ ಆಗುತ್ತದೆ. ಅದನ್ನು ಅವರು ಒಂದು ಸೆಕೆಂಡಿನಲ್ಲಿ ಮಾಡಿದರೆ ಸರಾಸರಿ ಸಾಮರ್ಥ್ಯ 150 ವ್ಯಾಟ್, ಅರ್ಧ ಸೆಕೆಂಡಿನಲ್ಲಿ ಮಾಡಿದರೆ 300 ವ್ಯಾಟ್. ಕ್ರೇಟು ಅದೇ, ಎತ್ತರವೂ ಅದೇ. ವ್ಯತ್ಯಾಸವಿರುವುದು ಕಾಲದಲ್ಲಿ ಮಾತ್ರ. ಕ್ರೇಟನ್ನು ನಿಧಾನವಾಗಿ ಹೆಗಲಿಗೇರಿಸಿಕೊಳ್ಳುವಾಗಲೂ, ಲಾರಿಯ ಮೇಲೆ ನಿಂತವರ ಕೈಗೆ ಒಂದೇ ಏಟಿಗೆ ಚಿಮ್ಮಿಸುವಾಗಲೂ ದುಡಿಯುವುದು ಅವೇ ಸ್ನಾಯುಗಳಾದರೂ, ಎರಡನೆಯದಕ್ಕೆ ಬೇಕಾದ ಗುಣ ಬೇರೆ. ಗುದ್ದಿಗೆ ಬೇಕಾದದ್ದೂ ಆ ಗುಣವೇ.

ಏಕೆಂದರೆ ಗುದ್ದುವವರಿಗೆ ಸಮಯವಿಲ್ಲ. ಸ್ನಾಯುವೊಂದು ತನ್ನ ಗರಿಷ್ಠ ಬಲವನ್ನು ಮುಟ್ಟಲು ಸಾಮಾನ್ಯವಾಗಿ 300 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ. ಗುದ್ದು, ಜಿಗಿತ, ಓಟದ ಹೆಜ್ಜೆಯಂಥ ವೇಗದ ಚಲನೆಗಳಲ್ಲಿ ಬಲ ಹೊಮ್ಮಿಸಲು ಸಿಗುವ ಅವಕಾಶ ಸುಮಾರು 50ರಿಂದ 250 ಮಿಲಿಸೆಕೆಂಡ್‌ಗಳಷ್ಟೇ. ಹೀಗಾಗಿ ಮೈಯಲ್ಲಿರುವ ಬಲದ ಒಂದಂಶ ಗುದ್ದಿಗೆ ಒದಗುವುದೇ ಇಲ್ಲ. ಇದರ ಜೊತೆಗೆ ಇನ್ನೊಂದು ಮಿತಿಯೂ ಇದೆ: ಸ್ನಾಯು ವೇಗವಾಗಿ ಸಂಕುಚಿಸಿದಷ್ಟೂ ಅದು ಹೊಮ್ಮಿಸಬಲ್ಲ ಬಲ ಕಡಿಮೆಯಾಗುತ್ತದೆ. ಬಲ ಮತ್ತು ವೇಗದ ಈ ಸಂಬಂಧವನ್ನು 1938ರಲ್ಲಿ ಸಮೀಕರಣವಾಗಿ ನಿರೂಪಿಸಿದವರು ಬ್ರಿಟನ್ನಿನ ಶರೀರಕ್ರಿಯಾ ವಿಜ್ಞಾನಿ ಎ. ವಿ. ಹಿಲ್.

ಕನ್ನಡದಲ್ಲಿ ರಟ್ಟೆಬಲ ಎಂಬ ಒಳ್ಳೆಯ ಪದವಿದೆ, ಆದರೆ ಬಾಕ್ಸಿಂಗಿನ ಮಟ್ಟಿಗೆ ಅದು ದಾರಿ ತಪ್ಪಿಸುತ್ತದೆ. ಬಲಗೈಯವರ ನೇರ ಗುದ್ದು ಹಿಂದಿನ ಪಾದ ನೆಲವನ್ನು ಒತ್ತುವುದರಿಂದ ಆರಂಭವಾಗಿ, ಸೊಂಟದ ತಿರುವಿನಲ್ಲಿ ಬೆಳೆದು, ಬೆನ್ನು ಮತ್ತು ಭುಜವನ್ನು ಹಾದು, ಕೊನೆಯಲ್ಲಷ್ಟೇ ರಟ್ಟೆಗೂ ಮುಷ್ಟಿಗೂ ಬರುತ್ತದೆ. ದಾರಿಯಲ್ಲಿ ಎಲ್ಲಾದರೂ ಮೈ ಸಡಿಲವಾಗಿದ್ದರೆ ಕಾಲಿನಿಂದ ಬಂದ ಬಲ ಅಲ್ಲೇ ಸೋರಿಹೋಗುತ್ತದೆ. ಎಲ್ಲೆಡೆ ಬಿಗಿಯಾಗಿದ್ದರೆ ಕೈಗೆ ವೇಗ ಬರುವುದಿಲ್ಲ. ನುರಿತ ಹೊಡೆತಗಾರರ ಸ್ನಾಯುಗಳು ಚಲನೆಯ ಆರಂಭದಲ್ಲಿ ಒಮ್ಮೆ ಬಿಗಿದು, ನಡುವೆ ಸಡಿಲಗೊಂಡು, ಮುಷ್ಟಿ ತಾಗುವ ಕ್ಷಣದಲ್ಲಿ ಮತ್ತೊಮ್ಮೆ ಬಿಗಿಯುತ್ತವೆ ಎಂಬುದನ್ನು ಬೆನ್ನುಮೂಳೆಯ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಅವರ ಸಹೋದ್ಯೋಗಿಗಳು ಅಳೆದು ತೋರಿಸಿದ್ದಾರೆ. ನಡುವಿನ ಆ ಸಡಿಲಿಕೆಯನ್ನು ಕಲಿಯುವುದೇ ಅತ್ಯಂತ ಕಷ್ಟ.

ಭಾರ ಎತ್ತಿದರೆ ಕೈ ಮಂದವಾಗುತ್ತದೆ ಎಂಬ ನಂಬಿಕೆ ಬಾಕ್ಸಿಂಗ್ ವಲಯದಲ್ಲಿ ಬಹುಕಾಲ ಇತ್ತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಲೈಟ್ ಹೆವಿವೇಟ್ ಕಂಚು ಗೆದ್ದಿದ್ದ ಅಮೆರಿಕದ ಬಾಕ್ಸರ್ ಇವ್ಯಾಂಡರ್ ಹೋಲಿಫೀಲ್ಡ್, ಹೆವಿವೇಟ್‌ಗೆ ಏರುವಾಗ ಪವರ್‌ಲಿಫ್ಟರ್ ಫ್ರೆಡ್ ಹ್ಯಾಟ್‌ಫೀಲ್ಡ್ ಅವರಂಥವರ ಮಾರ್ಗದರ್ಶನದಲ್ಲಿ ಭಾರ ಎತ್ತಿ, 1990ರಲ್ಲಿ ಆಗಿನ ಚಾಂಪಿಯನ್ ಬಸ್ಟರ್ ಡಗ್ಲಸ್ ಅವರನ್ನು ಸೋಲಿಸಿ ವಿಶ್ವ ಹೆವಿವೇಟ್ ಚಾಂಪಿಯನ್ ಆದ ಮೇಲೆ ಆ ನಂಬಿಕೆಯನ್ನು ಸಮರ್ಥಿಸುವುದು ಕಷ್ಟವಾಯಿತು. ಹೆಚ್ಚಿನ ಭಾರ ಹೊತ್ತು ಕುಳಿತು ಏಳುವ ಸ್ಕ್ವಾಟ್ ಮತ್ತು ನೆಲದ ಮೇಲಿನ ಭಾರವನ್ನು ಎತ್ತಿ ನೆಟ್ಟಗೆ ನಿಲ್ಲುವ ಡೆಡ್‌ಲಿಫ್ಟ್‌ಗಳನ್ನು ಮೂರರಿಂದ ಐದು ಬಾರಿಯಷ್ಟೇ ಎತ್ತಿ, ನಡುವೆ ಮೂರು ನಾಲ್ಕು ನಿಮಿಷ ವಿಶ್ರಾಂತಿ ಪಡೆಯುವ ಅಭ್ಯಾಸದಿಂದ ಹೆಚ್ಚು ಸ್ನಾಯುತಂತುಗಳನ್ನು ಒಮ್ಮೆಲೇ ಕೆಲಸಕ್ಕೆ ಹಚ್ಚುವುದನ್ನು ನರಮಂಡಲ ಕಲಿಯುತ್ತದೆ. ಮೈತೂಕ ಹೆಚ್ಚು ಏರದೆಯೇ ಬಲ ಏರುವುದು ಈ ಕಾರಣದಿಂದ. ಮೈತೂಕಕ್ಕೆ ತಕ್ಕಂತೆ ವಿಭಾಗಗಳಿರುವ ಕ್ರೀಡೆಯಲ್ಲಿ ಇದು ದೊಡ್ಡ ಅನುಕೂಲ. ಹೀಗೆ ಗಳಿಸಿದ ಬಲವನ್ನು ವೇಗಕ್ಕೆ ತಿರುಗಿಸಲು ಜಿಗಿತಗಳು ಬೇಕು, ಮೆಡಿಸಿನ್ ಬಾಲ್ ಎಂಬ ಭಾರದ ಚೆಂಡನ್ನು ಸೊಂಟ ತಿರುಗಿಸಿ ಗೋಡೆಗೆ ಎಸೆಯುವುದು ಬೇಕು, ಬಾರ್‌ನ (ಭಾರ ಎತ್ತುವ ಕಬ್ಬಿಣದ ಸರಳಿನ) ಒಂದು ತುದಿಯನ್ನು ಮೂಲೆಗೆ ಊರಿ ಇನ್ನೊಂದು ತುದಿಯನ್ನು ಒಂದೇ ಕೈಯಲ್ಲಿ ರಭಸದಿಂದ ಮುಂದಕ್ಕೆ ತಳ್ಳುವುದು ಬೇಕು.

ಡಂಬೆಲ್ ಹಿಡಿದು ಗಾಳಿಗೆ ಗುದ್ದುವ ರೂಢಿಯನ್ನು ಮಾತ್ರ ಬಿಡುವುದು ಒಳ್ಳೆಯದು. ಡಂಬೆಲ್‌ನ ತೂಕ ಎಳೆಯುವುದು ನೆಲದ ಕಡೆಗೆ, ಗುದ್ದು ಹೋಗುವುದು ಮುಂದಕ್ಕೆ. ಹಾಗಾಗಿ ದಣಿಯುವುದು ಕೈಯನ್ನು ಎತ್ತಿ ಹಿಡಿದ ಭುಜವೇ ಹೊರತು, ಗುದ್ದನ್ನು ಮುಂದಕ್ಕೆ ದೂಡುವ ಸ್ನಾಯುಗಳಿಗೆ ಹೇಳಿಕೊಳ್ಳುವಂಥ ಕೆಲಸ ಸಿಗುವುದಿಲ್ಲ.

ನಮ್ಮ ಗರಡಿ ಮನೆಗಳ ಸಾಮನ್ನು ಇಲ್ಲಿ ನೆನೆಯಬೇಕು. ಬಸ್ಕಿ ಕಾಲಿಗೆ ದಮ್ಮು ಕೊಡುತ್ತದೆ, ದಂಡೆ ಎದೆ ಮತ್ತು ಭುಜಗಳನ್ನು ಗಟ್ಟಿಮಾಡುತ್ತದೆ, ಗದೆ ತಿರುಗಿಸುವುದು ಹಿಡಿತವನ್ನೂ ಬೆನ್ನನ್ನೂ ಒಟ್ಟಿಗೆ ಪಳಗಿಸುತ್ತದೆ. ಆದರೆ ನೂರಾರು ಬಸ್ಕಿ ಹೊಡೆಯುವುದರಿಂದ ಬೆಳೆಯುವುದು ಮುಖ್ಯವಾಗಿ ತಾಳಿಕೆ. ಗುಂಡುಕಲ್ಲನ್ನು ನೆಲದಿಂದ ಒಂದೇ ಉಸಿರಿಗೆ ಹೆಗಲ ಮೇಲಕ್ಕೆ ಹಾರಿಸುವುದು ಸ್ಫೋಟಕ ಬಲಕ್ಕೆ ಹೆಚ್ಚು ಹತ್ತಿರವಾದ ಸಾಮು. ಜಿಮ್ಮಿನ ಶುಲ್ಕ ಭರಿಸಲಾಗದ ಹಳ್ಳಿಯ ಮಕ್ಕಳು ತಿಳಿದವರ ಕಣ್ಣೆದುರು, ಬೆನ್ನು ಬಾಗದಂತೆ ಎತ್ತುವುದನ್ನು ಮೊದಲು ಕಲಿತು, ಕಲ್ಲಿನಿಂದಲೋ ಮರಳು ಚೀಲದಿಂದಲೋ ಇದನ್ನು ಧೈರ್ಯವಾಗಿ ಆರಂಭಿಸಬಹುದು.

ಒಂದು ಎಚ್ಚರಿಕೆ ಅಗತ್ಯ. ಸ್ಫೋಟಕ ಬಲದ ಅಭ್ಯಾಸ ದಣಿದ ಮೈಯಲ್ಲಿ ನಡೆಯುವುದಲ್ಲ. ಜಿಗಿತದ ಎತ್ತರ ಅಥವಾ ಎಸೆತದ ವೇಗ ಇಳಿಯತೊಡಗಿದ ಕೂಡಲೇ ಅಂದಿನ ಅಭ್ಯಾಸವನ್ನು ನಿಲ್ಲಿಸಬೇಕು. ಮೂರು ನಿಮಿಷಗಳ ಮೂರು ಸುತ್ತು ಆಡಲು ಬೇಕಾದ ದಮ್ಮನ್ನು ಓಟದಲ್ಲಿ, ಬ್ಯಾಗ್ ಅಭ್ಯಾಸದಲ್ಲಿ ಮತ್ತು ಜೊತೆಗಾರರೊಡನೆ ಅಭ್ಯಾಸಕ್ಕಾಗಿ ಆಡುವ ಸ್ಪಾರಿಂಗ್‌ನಲ್ಲಿ ಬೇರೆಯಾಗಿ ಗಳಿಸಿಕೊಳ್ಳಬೇಕು. ವಾರಕ್ಕೆ ಎರಡು ದಿನ, ಸ್ಪಾರಿಂಗ್ ಇಲ್ಲದ ದಿನಗಳಲ್ಲಿ ಭಾರ ಎತ್ತಿದರೆ ಕಲಿಯುವವರಲ್ಲಿ ಹೆಚ್ಚಿನವರಿಗೆ ಸಾಕಾಗುತ್ತದೆ.