ತಲೆ ಮೇಲಿಂದಲೂ ಬರುವ ಸದ್ದು: ಕೊಡಗಿನ ಮಳೆಯಲ್ಲಿ ಮಿಕ್ಸಿಂಗ್ ಸ್ಟುಡಿಯೋ ಕಟ್ಟುವುದೆಂದರೆ

ಕೆಲವು ವರ್ಷಗಳ ಹಿಂದೆ ಒಂದು ಮದುವೆಮನೆಯಲ್ಲಿ ಬಾಳೊ ಪಾಟ್ ಅನ್ನುವ ಕೊಡವರ ಸಾಂಪ್ರದಾಯಿಕ ಹಾಡು ಮತ್ತು ವಾಲಗ ಎರಡನ್ನೂ ರೆಕಾರ್ಡ್ ಮಾಡಿಕೊಂಡೆ. ಮಡಿಕೇರಿಯ ಬಾಡಿಗೆ ಮನೆಯಲ್ಲಿ ಹತ್ತಕ್ಕೆ ಹತ್ತು ಕೋಣೆ. ಅಲ್ಲೇ ಕೂತು ಮಿಕ್ಸ್ ಮಾಡಿದೆ, ಅಂದರೆ ಬೇರೆಬೇರೆ ದನಿಗಳನ್ನು ಹದವಾಗಿ ಬೆರೆಸಿದೆ. ಡೋಲಿನ ಗುಮ್ಮೆನ್ನುವ ದನಿ ಎಷ್ಟು ಕೊಟ್ಟರೂ ಸಾಲದು ಅನ್ನಿಸಿತು. ಏರಿಸಿದೆ, ಇನ್ನೂ ಏರಿಸಿದೆ. ಮರುದಿನ ಜೀಪಿನಲ್ಲಿ ಹಾಕಿದರೆ ಬಾಗಿಲೆಲ್ಲ ಗಡಗಡ ಅಲುಗಿತು. ಡೋಲಿನ ಅಡಿಗೆ ವಾಲಗದ ರಾಗ ಪೂರ್ತಿ ಮುಚ್ಚಿಹೋಗಿತ್ತು.

ಸ್ಪೀಕರ್ ಚೆನ್ನಾಗಿಯೇ ಇತ್ತು. ಕೋಣೆ ಸುಳ್ಳು ಹೇಳಿತ್ತು. ಹತ್ತು ಅಡಿ ಅಂದರೆ ಸುಮಾರು 3.05 ಮೀಟರ್. ಎದುರುಬದುರು ಗೋಡೆಗಳ ನಡುವೆ ಹೋಗಿ ಬರುವ ಸದ್ದಿನ ಅಲೆ ಅಲ್ಲಿ ಸುಮಾರು 56 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 56 ಸಲ ಅದುರುವ ತಗ್ಗಿನ ದನಿಯಲ್ಲಿ, ನಿಂತುಬಿಡುತ್ತದೆ. ಗೋಡೆಯ ಹತ್ತಿರ ಆ ದನಿ ಜೋರು. ಕೋಣೆಯ ನಟ್ಟನಡುವೆ ಅದು ಹೆಚ್ಚುಕಮ್ಮಿ ಸೊನ್ನೆ. ನಾನು ಕುರ್ಚಿ ಹಾಕಿಕೊಂಡಿದ್ದು ಸರಿಯಾಗಿ ನಡುವೆ. ಉದ್ದ ಅಗಲ ಎರಡೂ ಒಂದೇ ಆದ್ದರಿಂದ ಎರಡೂ ಕಡೆಯ ಏಟು ಒಂದೇ ದನಿಗೆ ಬಿತ್ತು.

ಕೋಣೆಯೂ ಒಂದು ವಾದ್ಯ ಅನ್ನುವುದನ್ನು ಲೆಕ್ಕ ಹಾಕಿ ತೋರಿಸಿದವರು ವಾಲೇಸ್ ಸಬೈನ್. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸದ ಹಾಲ್‌ನಲ್ಲಿ ಯಾರ ಮಾತೂ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಸರಿ ಮಾಡು ಅಂತ ಈ ಯುವಕ ಮೇಷ್ಟರಿಗೆ ಒಪ್ಪಿಸಿದರು. ಅವರು ರಾತ್ರಿ ಊರೆಲ್ಲ ಮಲಗಿದ ಮೇಲೆ ಇನ್ನೊಂದು ಸಭಾಂಗಣದಿಂದ ಕುರ್ಚಿಯ ಮೆತ್ತೆಗಳನ್ನು ಹೊರಿಸಿ ತರುತ್ತಿದ್ದರು. ಆರ್ಗನ್ ಕೊಳವೆ ಊದಿ ನಿಲ್ಲಿಸಿ, ಸದ್ದು ಸಾಯುವ ತನಕ ಗಡಿಯಾರ ನೋಡುತ್ತಿದ್ದರು. ಬೆಳಗಾಗುವುದರೊಳಗೆ ಮೆತ್ತೆಗಳು ವಾಪಸ್. ಎಷ್ಟು ಮೆತ್ತೆಗೆ ಎಷ್ಟು ಹೊತ್ತು ಕಡಿಮೆ ಆಗುತ್ತದೆ ಅನ್ನುವುದರಿಂದ ಅವರ ಸೂತ್ರ ಹುಟ್ಟಿತು. ಅಳತೆಯನ್ನು ಮೀಟರಿನಲ್ಲಿ ಹಿಡಿದು, ಕೋಣೆಯ ಗಾತ್ರವನ್ನು ಅದರೊಳಗೆ ಸದ್ದು ಹೀರುವ ಮೈಯಿಂದ ಭಾಗಿಸು, 0.161ರಿಂದ ಗುಣಿಸು. ಸದ್ದು 60 ಡೆಸಿಬಲ್ ಇಳಿಯಲು ಎಷ್ಟು ಸೆಕೆಂಡ್ ಬೇಕು ಅನ್ನುವುದು ಸಿಗುತ್ತದೆ. 1900ರಲ್ಲಿ ತೆರೆದ ಬಾಸ್ಟನ್ ಸಿಂಫನಿ ಹಾಲ್‌ಗೆ ಈ ಲೆಕ್ಕವೇ ಆಧಾರ. ಇವತ್ತು ನಾವು ಲ್ಯಾಪ್‌ಟಾಪ್ ಮತ್ತು ಅಳತೆಯ ಮೈಕ್ ಇಟ್ಟುಕೊಂಡು ಮಾಡುವುದೂ ಅದೇ ಕೆಲಸ. ಮಿಕ್ಸಿಂಗ್ ಕೋಣೆಗೆ ಆ ಸಮಯ 0.2ರಿಂದ 0.4 ಸೆಕೆಂಡ್ ಇದ್ದರೆ ಚೆನ್ನ.

ಸದ್ದು ಎಲ್ಲಿಂದ ಬರಬೇಕು ಅನ್ನುವ ಪ್ರಶ್ನೆ ಬಂದಿದ್ದು ಸಿನಿಮಾದಿಂದ. ಪರದೆಯಲ್ಲಿ ನಟ ಎಡದಿಂದ ಬಲಕ್ಕೆ ನಡೆದರೂ ಮಾತು ಒಂದೇ ಕಡೆಯಿಂದ ಬರುತ್ತಿತ್ತು. ಇದನ್ನು ಸರಿಪಡಿಸಲು ಹೊರಟ ಇಂಗ್ಲೆಂಡಿನ ಆಲನ್ ಬ್ಲೂಮ್ಲೀನ್ 1931ರ ಡಿಸೆಂಬರ್‌ನಲ್ಲಿ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದರು. 1940ರಲ್ಲಿ ಡಿಸ್ನಿಯವರು ಒಂದು ಚಿತ್ರಕ್ಕಾಗಿ ಹಾಲ್ ಪೂರ್ತಿ ಸ್ಪೀಕರ್ ಇಟ್ಟು ನೋಡಿದರು. ಖರ್ಚು ತಡೆಯಲಾಗದೆ ಕೆಲವೇ ಊರುಗಳಲ್ಲಿ ಅದು ನಿಂತಿತು. 1970ರ ದಶಕದಲ್ಲಿ ನಾಲ್ಕು ಮೂಲೆಗೆ ನಾಲ್ಕು ಸ್ಪೀಕರ್ ಇಡುವ ಕ್ವಾಡ್ರೊಫೋನಿಕ್ ಬಂತು. ಒಂದೊಂದು ಕಂಪನಿಯದು ಒಂದೊಂದು ಪದ್ಧತಿ. ಒಬ್ಬರ ಹಾಡಿನ ತಟ್ಟೆ ಇನ್ನೊಬ್ಬರ ಯಂತ್ರದಲ್ಲಿ ಸರಿಯಾಗಿ ಆಡುತ್ತಿರಲಿಲ್ಲ. ಜನ ಬೇಸತ್ತು ಬಿಟ್ಟರು. ಆಮೇಲೆ ಥಿಯೇಟರ್‌ಗಳಿಂದ 5.1 ಬಂತು. ಮುಂದೆ ಮೂರು, ಹಿಂದೆ ಎರಡು, ತಗ್ಗಿನ ದನಿಗೆ ಒಂದು. 1992ರಲ್ಲಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದರ ಕೋನಗಳನ್ನೂ ಬರೆದಿಟ್ಟಿತು. ಮುಂದಿನ ಎರಡು 30 ಡಿಗ್ರಿಯಲ್ಲಿ, ಹಿಂದಿನವು 110ರ ಆಸುಪಾಸಿನಲ್ಲಿ.

ಇಲ್ಲಿಯ ತನಕ ಎಲ್ಲ ಸದ್ದೂ ಕಿವಿಯ ಮಟ್ಟದಲ್ಲೇ ಇತ್ತು. 2012ರಲ್ಲಿ ಡಾಲ್ಬಿ ಅಟ್ಮಾಸ್ ಬಂದಾಗ ಸ್ಪೀಕರ್ ತಲೆ ಮೇಲೆ ಏರಿತು. ಬದಲಾವಣೆ ಅಷ್ಟೇ ಅಲ್ಲ. ಮೊದಲು ‘ಈ ದನಿ ಎಡ ಹಿಂದಿನ ಸ್ಪೀಕರ್‌ಗೆ’ ಅಂತ ಬರೆಯುತ್ತಿದ್ದರು. ಈಗ ‘ಈ ದನಿ ಕೋಣೆಯ ಇಂಥ ಜಾಗದಲ್ಲಿ ಇರಲಿ’ ಅಂತ ಬರೆಯುತ್ತಾರೆ. ಯಾವ ಸ್ಪೀಕರ್ ಎಷ್ಟು ನುಡಿಯಬೇಕು ಅನ್ನುವುದನ್ನು ಕೇಳುವ ಜಾಗದ ಯಂತ್ರ ಲೆಕ್ಕ ಹಾಕುತ್ತದೆ. ಥಿಯೇಟರ್‌ನಲ್ಲಿ 64 ಸ್ಪೀಕರ್ ಇದ್ದರೂ ಸರಿ, ಚಿಕ್ಕ ಕೋಣೆಯಲ್ಲಿ 7.1.4 ಇದ್ದರೂ ಸರಿ. 7.1.4 ಅಂದರೆ ಸುತ್ತ ಏಳು, ತಗ್ಗಿನ ದನಿಗೆ ಒಂದು ಸಬ್‌ವೂಫರ್, ಮೇಲೆ ನಾಲ್ಕು. 2021ರ ಜೂನ್‌ನಲ್ಲಿ ಆಪಲ್ ಮ್ಯೂಸಿಕ್ ಈ ಬಗೆಯ ಹಾಡುಗಳನ್ನು ಕೇಳಿಸತೊಡಗಿತು. ಸಿನಿಮಾದವರ ಕೆಲಸವಾಗಿದ್ದದ್ದು ಹಾಡಿನವರ ಕೆಲಸವೂ ಆಯಿತು. 2023ರ ಗ್ರ್ಯಾಮಿಯಲ್ಲಿ ಬೆಂಗಳೂರಿನ ರಿಕಿ ಕೇಜ್ ಅವರ ಆಲ್ಬಂ ಇದೇ ಬಗೆಯ ಸುತ್ತುವರಿಯುವ ಸದ್ದಿನ ‘ಇಮ್ಮರ್ಸಿವ್’ ವಿಭಾಗದಲ್ಲಿ ಪ್ರಶಸ್ತಿ ಪಡೆಯಿತು. ಒಂದು ಕಾಲದಲ್ಲಿ ಕನ್ನಡದ ಸಿನಿಮಾ ಹಾಡು ರೆಕಾರ್ಡ್ ಮಾಡಲು ಮದ್ರಾಸಿನ ರೈಲು ಹತ್ತಬೇಕಿತ್ತು ಅನ್ನುವುದನ್ನು ನೆನೆದರೆ ಇದು ದೊಡ್ಡ ದಾರಿಯೇ.

ನನ್ನ ಮಟ್ಟಿಗೆ ಈ ಕತೆಯ ತಿರುಳು ಇನ್ನು ಮುಂದೆ ಇದೆ. ಸ್ಟೀರಿಯೋ ಕಾಲದಲ್ಲಿ ಸ್ಟುಡಿಯೋ ಕಟ್ಟುವವರಿಗೆ ಒಂದು ಸುಲಭ ಇತ್ತು. ಸ್ಪೀಕರ್ ಇರುವುದು ಮುಂದೆ. ಹಾಗಾಗಿ 1970ರ ದಶಕದ ಕೊನೆಯಲ್ಲಿ ಬಂದ ಒಂದು ಹೆಸರಾಂತ ವಿನ್ಯಾಸದಲ್ಲಿ ಮುಂಭಾಗ ಸದ್ದು ಹೀರುತ್ತಿತ್ತು, ಹಿಂಗೋಡೆ ಸದ್ದನ್ನು ಚೆದುರಿಸಿ ವಾಪಸ್ ಕೊಡುತ್ತಿತ್ತು. ಚೆದುರಿಸುವ ಮರದ ಪಟ್ಟಿಗಳ ಆಳವನ್ನು ಜರ್ಮನಿಯ ಮ್ಯಾನ್‌ಫ್ರೆಡ್ ಶ್ರೋಡರ್ ಅಂಕಗಣಿತದಿಂದ ಲೆಕ್ಕ ಹಾಕಿ ಕೊಟ್ಟಿದ್ದರು. ಈಗ ಸ್ಪೀಕರ್ ಸುತ್ತಲೂ ಇದೆ, ಮೇಲೂ ಇದೆ. ಹಿಂಗೋಡೆ ಅನ್ನುವುದೇ ಉಳಿದಿಲ್ಲ. ಪ್ರತಿ ಗೋಡೆಯೂ ಯಾವುದೋ ಒಂದು ಸ್ಪೀಕರ್‌ಗೆ ಮುಂಗೋಡೆ. ಆರನೆಯ ಗೋಡೆ ಅಂದರೆ ಮಾಡು, ಅಂದರೆ ಛಾವಣಿ. ಕೊಡಗಿನಲ್ಲಿ ಮಾಡು ಅಂದರೆ ಮಳೆ.

ಈ ಕಷ್ಟ ಹೊರಗಿನವರಿಗೆ ಗೊತ್ತಾಗುವುದು ಕಷ್ಟ. ಕಾಡಿನ ಊರು, ಎಷ್ಟು ಶಾಂತ ಅಲ್ವಾ, ಅನ್ನುತ್ತಾರೆ. ನಮ್ಮ ವರ್ಷದ ಸದ್ದಿನ ಪಂಚಾಂಗವೇ ಬೇರೆ. ಡಿಸೆಂಬರ್, ಜನವರಿಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ. ಫೆಬ್ರವರಿ, ಮಾರ್ಚ್‌ನಲ್ಲಿ ಹೂವಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಮೋಟಾರು, ಅದು ರಾತ್ರಿಯೂ ನಿಲ್ಲುವುದಿಲ್ಲ. ಏಪ್ರಿಲ್‌ನಲ್ಲಿ ಜೀರುಂಡೆ. ಜೂನ್‌ನಿಂದ ಮೂರು ನಾಲ್ಕು ತಿಂಗಳು ಹೆಂಚಿನ ಮೇಲೆ ಮಳೆ, ಕರೆಂಟ್ ಹೋದರೆ ಜನರೇಟರ್.

ನೆಂಟರೊಬ್ಬರು ಸ್ಟುಡಿಯೋಗೆಂದು ಹಳೇ ಕಾಫಿ ಗೋಡೌನ್ ಕೊಟ್ಟಾಗ ನಾವು ಮೂವರು ಮೊದಲು ನೋಡಿದ್ದು ಅದರ ಹಿಂದಿನ ಧರೆಯನ್ನು. 2018ರ ಆಗಸ್ಟ್ ತಿಂಗಳ ಭೂಕುಸಿತ ಆದ ಮೇಲೆ ಇಲ್ಲಿ ಯಾರೇ ಏನೇ ಕಟ್ಟಿದರೂ ಮೊದಲು ಗುಡ್ಡ ನೋಡುತ್ತಾರೆ. ಜಾಗ ಸಮತಟ್ಟು. ಎತ್ತರ ಚೆನ್ನಾಗಿತ್ತು. ಮೇಲಿನ ಸ್ಪೀಕರ್‌ಗಳು ಕೂತವರ ಕಿವಿಯಿಂದ ಸುಮಾರು 45 ಡಿಗ್ರಿ ಮೇಲಿರಬೇಕು. ಮಾಮೂಲಿ ಮನೆಯ ತಾರಸಿಗೆ ಅದು ಕಷ್ಟ. ಗೋಡೌನಿಗೆ ಸುಲಭ.

ಒಳಗೆ ಇನ್ನೊಂದು ಕೋಣೆ ಕಟ್ಟಿದೆವು. ಉದ್ದ 21 ಅಡಿ, ಅಗಲ 15 ಅಡಿ 6 ಇಂಚು, ಎತ್ತರ 11. ಈ ಅಳತೆ ಸುಮ್ನೆ ಬಂದಿದ್ದಲ್ಲ. ಮೂರೂ ಕಡೆಯ ನಿಲ್ಲುವ ಅಲೆಗಳು 27, 36, 51 ಹರ್ಟ್ಸ್ ಹೀಗೆ ಬೇರೆಬೇರೆ ಕಡೆ ಬೀಳುತ್ತವೆ, ಒಂದರ ಮೇಲೊಂದು ಕೂರುವುದಿಲ್ಲ. ಹೊರಗೋಡೆಗೂ ಒಳಕೋಣೆಗೂ ಎಲ್ಲೂ ನೇರ ತಾಗಲು ಬಿಡಲಿಲ್ಲ. ನೆಲ ರಬ್ಬರ್ ತುಂಡುಗಳ ಮೇಲೆ ನಿಂತಿದೆ. ಗೋಡೆಗೆ ಎರಡು ಪದರ ಜಿಪ್ಸಂ ಹಲಗೆ, ನಡುವೆ ಅದುರುವಿಕೆ ತಿನ್ನುವ ಅಂಟು, ಹಿಂದೆ ರಾಕ್‌ವೂಲ್ ಅನ್ನುವ ಕಲ್ಲಿನ ನಾರಿನ ಹಾಸು. ಹೆಂಚಿನ ಮಾಡಿಗೂ ಒಳಗಿನ ಮುಚ್ಚಿಗೆಗೂ ನಡುವೆ ಆಳದ ಗಾಳಿ. ಭಾರ, ಗಾಳಿ, ಮತ್ತೆ ಭಾರ. ಸದ್ದನ್ನು ತಡೆಯುವುದು ಇದೇ. ಒಂಟಿ ಗೋಡೆಯ ಭಾರ ಎರಡು ಪಟ್ಟು ಮಾಡಿದರೆ ಸಿಗುವುದು ಹೆಚ್ಚೆಂದರೆ 6 ಡೆಸಿಬಲ್. ಎರಡು ಗೋಡೆಯನ್ನು ಬಿಡಿಸಿ ನಿಲ್ಲಿಸಿದರೆ ಅದಕ್ಕಿಂತ ತುಂಬಾ ಜಾಸ್ತಿ ಸಿಗುತ್ತದೆ.

ಗೋಡೆಗೆ ಅಂಟಿಸುವ ಸ್ಪಂಜಿನಿಂದ ಮಳೆ ನಿಲ್ಲುತ್ತದೆ ಅಂದುಕೊಂಡವರು ಬಹಳ ಜನ. ಒಬ್ಬ ಗುತ್ತಿಗೆದಾರರು ನಮಗೂ ಹಾಗೇ ಹೇಳಿ ಮುಂಗಡ ತಗೊಂಡು ಒಂದು ಗೋಡೆ ಪೂರ್ತಿ ಸ್ಪಂಜು ಹೊಡೆದು ಹೋದರು. ಸ್ಪಂಜು ಕೋಣೆಯೊಳಗಿನ ಮೇಲ್ದನಿಯ ಪ್ರತಿಫಲನ ಹೀರುತ್ತದೆ. ಹೊರಗಿನ ಸದ್ದಿಗೆ ಅದು ಅಡ್ಡವೇ ಅಲ್ಲ. ಒಂದೇ ಮಳೆಗಾಲಕ್ಕೆ ಅದರ ಹಿಂದೆ ಬೂಷ್ಟು ಹಿಡಿದು ಎಲ್ಲ ಕಿತ್ತು ಹಾಕಬೇಕಾಯಿತು. ನನಗೆ ಇವತ್ತಿಗೂ ಬೇಸರ ಇರುವುದು ದುಡ್ಡಿಗಿಂತ ಕಳೆದುಹೋದ ಆ ವರ್ಷಕ್ಕೆ. ಆ ವರ್ಷ ಪಾಟ್ ಹಾಡುವ ಹಿರಿಯರೊಬ್ಬರು ತೀರಿಕೊಂಡರು.

ತೇವ ಇಲ್ಲಿ ಇನ್ನೊಂದೇ ಶತ್ರು. ಸದ್ದು ಹೋಗದ ಹಾಗೆ ಮುಚ್ಚಿದ ಕೋಣೆಯಲ್ಲಿ ಗಾಳಿಯೂ ಹೋಗುವುದಿಲ್ಲ. ಗಾಳಿಗೆ ದಾರಿ ಬಿಟ್ಟರೆ ಸದ್ದೂ ಅದೇ ದಾರಿಯಲ್ಲಿ ಬರುತ್ತದೆ. ಅಗಲದ ಕೊಳವೆ, ಒಳಗೆ ಉಣ್ಣೆಯ ಹೊದಿಕೆ, ನಾಲ್ಕು ತಿರುವು, ನಿಧಾನದ ಫ್ಯಾನ್. ಜೊತೆಗೆ ತೇವ ತೆಗೆಯುವ ಯಂತ್ರ. ಅದನ್ನು ಹೊರಗಿನ ಶೆಡ್‌ನಲ್ಲಿಟ್ಟೆವು.

ತಗ್ಗಿನ ದನಿ ಕೊನೆಯ ತನಕ ಕಾಡಿತು. 51 ಹರ್ಟ್ಸ್ ಅಲೆಯ ಕಾಲು ಭಾಗವೇ ಒಂದೂವರೆ ಮೀಟರ್‌ಗಿಂತ ಜಾಸ್ತಿ. ಅಷ್ಟು ದಪ್ಪದ ರಾಕ್‌ವೂಲ್ ಇಟ್ಟರೆ ಕೂರಲು ಜಾಗ ಎಲ್ಲಿ? ಮೂಲೆಗಳಲ್ಲಿ ಎರಡಡಿ ತುಂಬಿದೆವು. ಹಿಂದೆ ಪ್ಲೈವುಡ್ಡಿನ ಪೊರೆ ಇರುವ ಪೆಟ್ಟಿಗೆ ಕಟ್ಟಿದೆವು, ಆ ಪೊರೆ ತಾನೇ ಅದುರಿ ಅಲೆಯ ಬಲ ತಿನ್ನುತ್ತದೆ. ಸ್ಪೀಕರ್‌ಗಳ ದೂರ ಒಂದಡಿ ಹೆಚ್ಚುಕಡಿಮೆ ಆದರೆ ಸದ್ದು ಸುಮಾರು 0.9 ಮಿಲಿಸೆಕೆಂಡ್ ಹಿಂದುಮುಂದು. ಅದನ್ನು ಕಂಪ್ಯೂಟರ್‌ನಲ್ಲಿ ಸರಿ ಮಾಡಬಹುದು. ನಿಂತ ಅಲೆಯಿಂದ ಬಿದ್ದ ಗುಂಡಿಯನ್ನು ಹಾಗೆ ಸರಿ ಮಾಡಲಾಗದು. ಎಷ್ಟು ಸುರಿದರೂ ಆ ಗುಂಡಿ ತುಂಬುವುದಿಲ್ಲ. ಡೋಲಿನಲ್ಲಿ ನಾನು ಕಲಿತದ್ದು ಅದೇ.

ಹೆಚ್ಚಿನವರು ಇಯರ್‌ಫೋನಿನಲ್ಲಿ ತಾನೇ ಕೇಳುವುದು, ಇಷ್ಟೆಲ್ಲ ಯಾಕೆ ಅಂತ ಕೇಳುತ್ತಾರೆ. ಬಾಳೊ ಪಾಟ್ ಹಾಡುವವರು ನಾಲ್ವರು. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ಎತ್ತಿಕೊಳ್ಳುತ್ತಾರೆ, ಕೈಯಲ್ಲಿ ದುಡಿ ಅನ್ನುವ ಪುಟ್ಟ ಚರ್ಮವಾದ್ಯ. ನಡಿಕೇರಿಯಂಡ ಚಿಣ್ಣಪ್ಪ ಅವರು ಈ ಪಾಟ್‌ಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದ್ದರಿಂದ ಮಾತು ಉಳಿಯಿತು. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಹಿರಿಯರ ಮೂಲಮನೆಯ, ನಡುವೆ ಕೂತವನಿಗೆ ಸಾಲು ಆ ಕಡೆಯಿಂದ ಈ ಕಡೆಗೆ ಹೋಗಿ, ಮರದ ಮುಚ್ಚಿಗೆಗೆ ತಾಗಿ ಇಳಿಯುವುದು ಅಚ್ಚಿಗೆ ಸಿಗುವುದಿಲ್ಲ. ಅದನ್ನು ಸರಿಯಾಗಿ ಇಡಬೇಕಾದರೆ ಇಡುವವನಿಗೆ ಕೋಣೆ ನಿಜ ಹೇಳಬೇಕು.

ಕಳೆದ ಕಕ್ಕಡ ತಿಂಗಳಲ್ಲಿ, ಹೊರಗೆ ಮಳೆ ಹೊಯ್ಯುತ್ತಿರುವಾಗ, ಮೊದಲ ಸಲ ಪೂರ್ತಿ ಕೇಳಿದೆವು. ಮಳೆ ಒಳಗೆ ಬರಲಿಲ್ಲ. ಎ.ಸಿ. ಪೈಪಿನ ಬೆರಳಗಲದ ತೂತಿನಿಂದ ಮಾತ್ರ ಸಣ್ಣ ಸುಯ್ ಬಂತು, ಅದಕ್ಕೆ ಅಂಟು ತುಂಬಿದೆವು. ಪಾಟ್ ಹಾಡಿದ್ದ ಮಾವ ನಡುವಿನ ಕುರ್ಚಿಯಲ್ಲಿ ಕೂತಿದ್ದರು. ಮುಗಿಯುವ ತನಕ ಮಾತಾಡಲಿಲ್ಲ. ಆಮೇಲೆ ಎರಡೂ ಕೈಯನ್ನು ಎದೆಯ ಹತ್ತಿರ ತಂದು ತೋರಿಸಿದರು. “ದುಡಿ ಇಲ್ಲಿ ಇರೋದು. ನೀವು ಅಟ್ಟದ ಮೇಲೆ ಇಟ್ಟಿದ್ದೀರ.”

ಚಂದಕ್ಕೆ ಅಂತ ದುಡಿಯನ್ನು ಮೇಲಿನ ಸ್ಪೀಕರ್‌ಗಳ ಕಡೆ ಸ್ವಲ್ಪ ಎತ್ತಿದ್ದೆವು. ಕಿವಿಯ ಮಟ್ಟಕ್ಕೆ ಇಳಿಸಿ ಮತ್ತೆ ಮೊದಲಿಂದ ಹಾಕಿದೆವು.